ಹೊಸ ಶಾಸಕರಿಗೆ ಏಳು ಸೂತ್ರಗಳು

ಸರ್ಕಾರಿ ಕಚೇರಿಯ ಗುಮಾಸ್ತರೂ ಇಲಾಖಾ ಪರೀಕ್ಷೆ ಬರೆಯಬೇಕು. ಕಾನೂನು ಮಾಡುವ ಕರ್ನಾಟಕದ 224 ಶಾಸಕರಿಗೆ ಮಾತ್ರ ನೀತಿ-ನಿಯಮಗಳ ತರಬೇತಿ ಕಡ್ಡಾಯವಲ್ಲ. ಅದು ಕಡ್ಡಾಯವಾಗಲೇಬೇಕು. ಅಲ್ಲಿಯವರೆಗೆ ಈ ಏಳನ್ನು ನೀವೇ ರೂಢಿಸಿಕೊಳ್ಳಿ.

1. ಜೂನ್ 30 ನೆನಪಿಡಿ. 1984ರ ಲೋಕಾಯುಕ್ತ ಕಾಯ್ದೆಯಂತೆ ನಿಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲದ ವಿವರವನ್ನು ಪ್ರತಿವರ್ಷ ಅಷ್ಟರೊಳಗೆ ಸಲ್ಲಿಸಬೇಕು. ಏಪ್ರಿಲ್‌ನಲ್ಲೇ ಆಡಿಟರ್ ಕೈಗೆ ದಾಖಲೆ ಕೊಡಿ.

2. ಮತಕ್ಕೆ ದುಡ್ಡು ಮುಟ್ಟಬೇಡಿ. ಲಂಚ ಪಡೆದು ಸದನದಲ್ಲಿ ಮತ ಹಾಕಿದವರಿಗೂ 1998ರ ಪಿ.ವಿ. ನರಸಿಂಹರಾವ್ ತೀರ್ಪಿನಲ್ಲಿ ರಕ್ಷಣೆ ಸಿಕ್ಕಿತ್ತು. 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದುಮಾಡಿತು. ಈಗ ಲಂಚ ಪಡೆದ ಕ್ಷಣವೇ ಅಪರಾಧ. ಆಮೇಲೆ ಮತ ಯಾರಿಗೆ ಹಾಕಿದರೂ ಅಷ್ಟೇ.

3. ಪ್ರಶ್ನೆ ನಿಮ್ಮದೇ ಆಗಿರಲಿ. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರು ಸ್ಥಾನ ಕಳೆದುಕೊಂಡರು. ಟೈಪ್ ಮಾಡಿದ ಹಾಳೆ ತಂದು ‘ಒಂದು ಸಹಿ ಹಾಕಿ ಸಾರ್’ ಎಂದವರನ್ನು ಕೂರಿಸಿ, ಇದರಿಂದ ಲಾಭ ಯಾರಿಗೆ ಎಂದು ಕೇಳಿ.

4. ಲೆಟರ್‌ಹೆಡ್ ಬೀರುವಿನಲ್ಲಿರಲಿ. ಬೆಳಗಾದರೆ ವರ್ಗಾವಣೆಯ ಶಿಫಾರಸು ಕೇಳುವವರು ಮನೆ ಬಾಗಿಲಲ್ಲಿರುತ್ತಾರೆ. ಖಾಲಿ ಹಾಳೆಗೆ ಸಹಿ ಹಾಕಿ ಪಿ.ಎ. ಕೈಗೆ ಕೊಡಬೇಡಿ. ಕೊಟ್ಟ ಪ್ರತಿ ಪತ್ರದ ಸಂಖ್ಯೆ, ದಿನಾಂಕ, ಕಾರಣವನ್ನು ಪುಸ್ತಕದಲ್ಲಿ ಬರೆಸಿ.

5. ಬಾಮೈದನಿಗೆ ಗುತ್ತಿಗೆ ಬೇಡ. ಪ್ರದೇಶಾಭಿವೃದ್ಧಿ ನಿಧಿ ಜನರ ದುಡ್ಡು. ಯಾವ ಊರಿಗೆ ಯಾವ ಕಾಮಗಾರಿ, ಎಷ್ಟು ಮೊತ್ತ, ಗುತ್ತಿಗೆದಾರ ಯಾರು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಿಸಿ.

6. ರೆಸಾರ್ಟ್‌ಗಿಂತ ಮೊದಲು ಕ್ಷೇತ್ರಕ್ಕೆ ಹೋಗಿ. 2019ರಲ್ಲಿ ಸುಪ್ರೀಂ ಕೋರ್ಟ್, ಉಪಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟರೂ, ಪಕ್ಷಾಂತರದ ಕಾರಣಕ್ಕೆ ಆಗಿದ್ದ ಕರ್ನಾಟಕದ 17 ಶಾಸಕರ ಅನರ್ಹತೆಯನ್ನು ಎತ್ತಿಹಿಡಿಯಿತು. ಪಕ್ಷದ ದಾರಿ ಸರಿಯಿಲ್ಲ ಅನ್ನಿಸಿದರೆ, ಗೆಲ್ಲಿಸಿದ ಜನರ ಮುಂದೆ ನಿಂತು ಕಾರಣ ಹೇಳಿ.

7. ಅನುಮಾನ ಬಂದರೆ ಮೊದಲೇ ಕೇಳಿ. ವಿಧಾನಸಭೆ ಸಚಿವಾಲಯಕ್ಕೆ ಬರೆದು ಕೇಳಿ, ಬಂದ ಉತ್ತರವನ್ನು ಕಡತದಲ್ಲಿಡಿ. ತಪ್ಪಾದ ಮೇಲೆ ‘ಗೊತ್ತಿರಲಿಲ್ಲ’ ಎಂದರೆ ನ್ಯಾಯಾಲಯವೂ ಒಪ್ಪದು, ಮತದಾರರೂ ಒಪ್ಪರು.

ಇಷ್ಟು ರೂಢಿಯಾದರೆ ಇನ್ನೊಂದು ಕೆಲಸ ಮಾಡಿ: ಪ್ರಮಾಣವಚನದ ಬೆನ್ನಲ್ಲೇ ಪ್ರತಿ ಶಾಸಕರಿಗೂ ಈ ತರಬೇತಿ ಕಡ್ಡಾಯಗೊಳಿಸುವ ಖಾಸಗಿ ವಿಧೇಯಕವನ್ನು ಸದನದಲ್ಲಿ ನೀವೇ ಮಂಡಿಸಿ.