ಪಂಪ್‌ಸೆಟ್ ಲೈನಿನ ಮನೆಗೆ ಎಂಥ ಪವರ್ ಸಪ್ಲೈ?

ಪ್ರಶ್ನೆ: ಜಾವಗಲ್ ಹತ್ತಿರ ನಮ್ಮದು ತೋಟದ ಮನೆ. ಅಪ್ಪ ಕೂಡಿಟ್ಟ ಎಲ್‌ಪಿ ರೆಕಾರ್ಡುಗಳನ್ನು ಕೇಳಲೆಂದು ಟರ್ನ್‌ಟೇಬಲ್ ಮತ್ತು 12 ವೋಲ್ಟಿನ ಫೋನೋ ಪ್ರೀಆಂಪ್ ತಂದೆ. ಜೊತೆಗೆ ಬಂದ ಅಡಾಪ್ಟರ್ ಹಾಕಿದರೆ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು. ಲೀನಿಯರ್ ರೆಗ್ಯುಲೇಟೆಡ್ ಸಪ್ಲೈ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಉತ್ತರ: ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ರೀಆಂಪಿನ ಹಿಂಬದಿಯಲ್ಲಿ 12 ವೋಲ್ಟ್ ಡಿಸಿ ಎಂದೇ ಬರೆದಿದೆಯೇ, ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ನೋಡಿಕೊಳ್ಳಿ. ಕೆಲವು ಪ್ರೀಆಂಪುಗಳು ಎಸಿ ಕೇಳುತ್ತವೆ, ಅವಕ್ಕೆ ಈ ಪರೀಕ್ಷೆ ಬೇಡ. ಡಿಸಿ ಆಗಿದ್ದರೆ ಅಡಾಪ್ಟರ್ ತೆಗೆದು, ಚಾರ್ಜರಿನಿಂದ ಬಿಡಿಸಿದ 12 ವೋಲ್ಟಿನ ಬ್ಯಾಟರಿಯಿಂದ ಪ್ರೀಆಂಪ್ ನಡೆಸಿ. ವೈರಿನಲ್ಲಿ 1 ಆಂಪಿಯರ್ ಫ್ಯೂಸ್ ಇರಲೇಬೇಕು. ಇನ್ವರ್ಟರ್ ಬ್ಯಾಟರಿಯಲ್ಲಿ ಶಾರ್ಟ್ ಆದರೆ ವೈರು ಹೊತ್ತಿ ಉರಿಯುತ್ತದೆ.

ಬ್ಯಾಟರಿಯಲ್ಲೂ ಗುಂಯ್ ಸದ್ದು ಹಾಗೇ ಇದ್ದರೆ ತಪ್ಪು ಅಡಾಪ್ಟರಿನದಲ್ಲ. ಟರ್ನ್‌ಟೇಬಲ್‌ನಿಂದ ಬರುವ ತೆಳುವಾದ ಗ್ರೌಂಡ್ ವೈರನ್ನು ಪ್ರೀಆಂಪಿನ ಸ್ಕ್ರೂಗೆ ಕಟ್ಟಿದ್ದೀರಾ? ಮನೆಯ ಅರ್ಥಿಂಗ್ ಸರಿಯಿದೆಯೇ? ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ನಿಂತಿರುತ್ತದೆ, ಅದಕ್ಕೆ ನೀರು ಹಾಕಿಸಿ. ಇಷ್ಟರಲ್ಲೇ ಸದ್ದು ಹೋದರೆ ಲೀನಿಯರ್ ಸಪ್ಲೈ ನಿಮಗೆ ಬೇಡ.

ಬ್ಯಾಟರಿಯಲ್ಲಿ ಸದ್ದು ಅಡಗಿತು ಅನ್ನಿ. ಆಗ ಲೀನಿಯರ್ ಸಪ್ಲೈಗೆ ಕೊಡುವ ದುಡ್ಡು ದಂಡವಲ್ಲ. ರೆಕಾರ್ಡಿನ ಸೂಜಿಯಿಂದ ಬರುವ ಸಂಕೇತ ಸುಮಾರು 5 ಮಿಲಿವೋಲ್ಟ್ ಮಾತ್ರ. ಪ್ರೀಆಂಪ್ ಅದನ್ನು ನೂರು ಪಟ್ಟು ಹಿಗ್ಗಿಸುವಾಗ ಜೊತೆಗೆ ನುಸುಳಿದ ಕಸವೂ ಅಷ್ಟೇ ಹಿಗ್ಗುತ್ತದೆ. ಸಣ್ಣ ಅಡಾಪ್ಟರು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕೆಲಸ ಮಾಡುತ್ತದೆ. ಅದರೊಳಗೆ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಕೆಪಾಸಿಟರ್ ಇರುವುದರಿಂದ ಅಷ್ಟಿಷ್ಟು ಕರೆಂಟು ಸೋರಿ ಆಡಿಯೋ ಕೇಬಲ್ಲಿನ ಮೂಲಕ ನೆಲ ಹುಡುಕುತ್ತದೆ. ಲೀನಿಯರ್ ಸಪ್ಲೈನಲ್ಲಿ ಈ ಕತ್ತರಿಸುವ ಕೆಲಸವೇ ಇಲ್ಲ, ಸೋರಿಕೆಯೂ ಬಹಳ ಕಡಿಮೆ.

ಈಗ ನಿಮ್ಮ ಊರಿನ ಮಾತು. ನಿಯಮದ ಪ್ರಕಾರ ಮನೆಗೆ ಬರುವ ವೋಲ್ಟೇಜು 230ರಿಂದ ಶೇಕಡ 6ರಷ್ಟು ಮಾತ್ರ ಅತ್ತಿತ್ತ ಆಗಬಹುದು, ಎಂದರೆ 216ರಿಂದ 244. ಅರಸೀಕೆರೆ, ಬೇಲೂರು ಪೇಟೆಯ ಮನೆಗಳಲ್ಲೋ, ನಿರಂತರ ಜ್ಯೋತಿ ಯೋಜನೆಯ ಪ್ರತ್ಯೇಕ ಲೈನಿರುವ ಹಳ್ಳಿಯ ಒಳಗೋ ಇದರ ಆಸುಪಾಸಿನಲ್ಲಿರುವ ಸಂಭವ ಹೆಚ್ಚು. ತೋಟದ ಮನೆಗೆ ಸಾಮಾನ್ಯವಾಗಿ ಪಂಪ್‌ಸೆಟ್ ಲೈನೇ ಗತಿ. ತ್ರೀಫೇಸ್ ಬಿಟ್ಟ ಕೂಡಲೇ ತೆಂಗಿನ ತೋಟಗಳ ಮೋಟಾರುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಟಿಸಿಯಿಂದ, ಎಂದರೆ ಲೈನಿನ ಟ್ರಾನ್ಸ್‌ಫಾರ್ಮರಿನಿಂದ, ದೂರದಲ್ಲಿರುವ ಮನೆಯಲ್ಲಿ ವೋಲ್ಟೇಜು 170ಕ್ಕೂ ಕುಸಿಯಬಹುದು. ಮೋಟಾರು ನಿಂತ ಮೇಲೆ 250 ದಾಟಿದರೂ ಆಶ್ಚರ್ಯವಿಲ್ಲ. ಹಾಗಾಗಿ ಒಂದು ವಾರ ಮಲ್ಟಿಮೀಟರ್ ಹಿಡಿದು, ಪಂಪ್ ಓಡುವಾಗೊಮ್ಮೆ ರಾತ್ರಿಯೊಮ್ಮೆ ಅಳೆದು ಬರೆದಿಡಿ. ನೀವು ಕೊಳ್ಳಬೇಕಾದ ಡಬ್ಬಿಯನ್ನು ತೀರ್ಮಾನಿಸುವುದು ಆ ಎರಡು ಅಂಕಿಗಳೇ, ಬ್ರಾಂಡಲ್ಲ.

ರೆಗ್ಯುಲೇಟರ್ ಐಸಿ, ಉದಾಹರಣೆಗೆ 7812, 12 ವೋಲ್ಟ್ ಕೊಡಬೇಕಾದರೆ ಅದರ ಬಾಯಿಗೆ ಸದಾ ಹದಿನಾಲ್ಕೂವರೆಯಾದರೂ ಇರಬೇಕು. ಹಳೇಬೀಡಿನ ದ್ವಾರಸಮುದ್ರ ಕೆರೆಯಲ್ಲಿ ನೀರು ತೂಬಿನ ಮಟ್ಟಕ್ಕಿಂತ ಮೇಲೆ ನಿಂತಿದ್ದರೆ ತಾನೇ ಕಾಲುವೆಯ ಹರಿವು ಒಂದೇ ಸಮ ಇರುವುದು, ಹಾಗೆ. ಅಂಗಡಿಯಲ್ಲಿ ಸಿಗುವ ಅಗ್ಗದ ಡಬ್ಬಿಗಳಲ್ಲಿ 12-0 ಟ್ರಾನ್ಸ್‌ಫಾರ್ಮರ್ ಇರುತ್ತದೆ. 230 ವೋಲ್ಟಿನಲ್ಲಿ ಡಯೋಡುಗಳನ್ನು ದಾಟಿ, 0.3 ಆಂಪಿಯರ್ ಎಳೆದರೆ ರೆಗ್ಯುಲೇಟರಿಗೆ ಸಿಗುವುದು 14.8ರ ಹತ್ತಿರ. ಅಂಗಡಿಯಲ್ಲಿ ತೋರಿಸುವಾಗ ಚೆನ್ನಾಗಿ ನಡೆಯುತ್ತದೆ. ಲೈನು 200ಕ್ಕೆ ಇಳಿದರೆ ಅದೇ ಜಾಗದಲ್ಲಿ ಹನ್ನೆರಡೂವರೆ. ಆಗ ರೆಗ್ಯುಲೇಟರ್ ಕೈಚೆಲ್ಲುತ್ತದೆ, 100 ಹರ್ಟ್ಸ್‌ನ ಏರಿಳಿತ ನೇರ ಪ್ರೀಆಂಪಿಗೆ ಹೋಗುತ್ತದೆ. ಹಳೆಯ ಗುಂಯ್ ಸದ್ದೇ ಹೊಸ ಬೆಲೆಗೆ ವಾಪಸು ಬಂದ ಹಾಗೆ.

ನಿಮಗೆ ಬೇಕಾದ್ದು 18 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಅದರ ಮುಂದೆ 4700 ಮೈಕ್ರೊಫ್ಯಾರಡ್‌ನ ಕೆಪಾಸಿಟರ್. ಲೈನು 170ಕ್ಕೆ ಬಿದ್ದರೂ ರೆಗ್ಯುಲೇಟರಿಗೆ ಹದಿನಾರೂವರೆ ಉಳಿಯುತ್ತದೆ. ಆದರೆ ರಾತ್ರಿ 250 ಆದಾಗ ಅಲ್ಲಿ 26 ವೋಲ್ಟ್ ನಿಲ್ಲುತ್ತದೆ. ಹೆಚ್ಚಾದ 14 ವೋಲ್ಟನ್ನು ಐಸಿ ಶಾಖವಾಗಿ ಸುಡಬೇಕು, ಸುಮಾರು 4 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಐಸಿ ಇಷ್ಟನ್ನು ತಡೆಯಲಾರದು. ಆದ್ದರಿಂದ ಡಬ್ಬಿಯ ಮುಚ್ಚಳ ತೆಗೆಸಿ ನೋಡಿ: ರೆಕ್ಕೆಗಳಿರುವ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರಬೇಕು, ಗಾಳಿಗೆ ರಂಧ್ರ ಇರಬೇಕು, ಕೆಪಾಸಿಟರ್ ಮೇಲೆ 50 ವೋಲ್ಟ್ ಎಂದು ಮುದ್ರಿಸಿರಬೇಕು. 25 ಎಂದಿದ್ದರೆ ಮುಟ್ಟಬೇಡಿ. 7812 ಬದಲು ಎಲ್‌ಎಂ317 ಇದ್ದರೆ ನನ್ನ ಒಲವು ಅದರ ಕಡೆಗೆ. ಅದರ ಅಡ್ಜಸ್ಟ್ ಕಾಲಿಗೆ 10 ಮೈಕ್ರೊಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಸೇರಿಸಿದರೆ ಏರಿಳಿತವನ್ನು ತಡೆಯುವ ಶಕ್ತಿ 65 ಡೆಸಿಬೆಲ್‌ನಿಂದ 80ಕ್ಕೆ ಏರುತ್ತದೆ.

ಟ್ರಾನ್ಸ್‌ಫಾರ್ಮರ್ ದುಂಡಗಿನ ಟೊರಾಯ್ಡ್ ಆದರೆ ಒಳ್ಳೆಯದು, ಅದರ ಕಾಂತಕ್ಷೇತ್ರ ಹೊರಗೆ ಹರಡುವುದು ಕಡಿಮೆ. ಯಾವುದೇ ಆದರೂ ಡಬ್ಬಿಯನ್ನು ಟರ್ನ್‌ಟೇಬಲ್ ಪಕ್ಕ ಇಡಬೇಡಿ, ಎರಡು ಮೂರು ಅಡಿ ದೂರವಿರಲಿ. ಟಿವಿಗೆ ಹಾಕುವ ರಿಲೇ ಸ್ಟೆಬಿಲೈಸರ್ ಕುಸಿತವನ್ನಷ್ಟೇ ಎತ್ತುತ್ತದೆ, ಅಡಾಪ್ಟರಿನ ಕಸ ಹಾಗೇ ಉಳಿಯುತ್ತದೆ. ಪವರ್ ಆಂಪಿಗೂ ಲೀನಿಯರ್ ಸಪ್ಲೈ ಹಾಕಬೇಕೆ ಎಂದು ಮುಂದೆ ಕೇಳುವವರಿರುತ್ತೀರಿ. ಬೇಡ. ಅಲ್ಲಿ ಸಂಕೇತ ಆಗಲೇ ದೊಡ್ಡದಾಗಿರುತ್ತದೆ, ಖರ್ಚಿಗೆ ತಕ್ಕ ಫಲವಿಲ್ಲ.

ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಹಾಡು ಕೇಳುವುದಾದರೆ ಅದು ಸೈನ್ ವೇವ್ ಇನ್ವರ್ಟರೇ ಆಗಿರಲಿ. ಸ್ಕ್ವೇರ್ ವೇವ್‌ನಲ್ಲಿ ವೋಲ್ಟೇಜಿನ ಶಿಖರ ತಗ್ಗಾಗಿರುವುದರಿಂದ ಟ್ರಾನ್ಸ್‌ಫಾರ್ಮರಿನ ಆಚೆ ಸಿಗುವ ಡಿಸಿಯೂ ತಗ್ಗುತ್ತದೆ, ಟ್ರಾನ್ಸ್‌ಫಾರ್ಮರ್ ಕೂಡ ಗುರುಗುಟ್ಟುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಂತೂ ಪ್ಲಗ್ ಕಿತ್ತಿಡಿ.

ಸಿದ್ಧ ಡಬ್ಬಿ ಇಷ್ಟವಾಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿ ಸಾಮಾನು ಸಿಗುತ್ತದೆ, ರೇಡಿಯೋ ಟಿವಿ ರಿಪೇರಿ ಬಲ್ಲವರು ಕೂರಿಸಿಕೊಡುತ್ತಾರೆ. ಯಾರೇ ಮಾಡಲಿ, ದುಡ್ಡು ಪೂರ್ತಿ ಕೊಡುವ ಮೊದಲು ನಿಮ್ಮ ಮನೆಗೇ ತಂದು, ತ್ರೀಫೇಸ್ ಇರುವ ಹೊತ್ತಿನಲ್ಲಿ ಪ್ರೀಆಂಪ್ ಓಡಿಸುತ್ತಾ ರೆಗ್ಯುಲೇಟರಿನ ಇನ್‌ಪುಟ್ ಕಾಲಿನ ಡಿಸಿ ವೋಲ್ಟೇಜನ್ನು ಅವರಿಂದಲೇ ಅಳೆಸಿ. 15ಕ್ಕಿಂತ ಕಡಿಮೆ ತೋರಿಸಿದರೆ ಹಿಂದಕ್ಕೆ ಕಳಿಸಿ.