ಕಂಬ ಅವರದು, ದೀಪ ಇವರದು: ವಿದ್ಯಾರ್ಥಿಗಳು ಎಲ್ಲಿಂದ ಶುರು ಮಾಡಬೇಕು?

ಹಾಸ್ಟೆಲ್‌ನಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ನಾಲ್ಕು ಬೀದಿದೀಪ ಉರಿಯುತ್ತಿಲ್ಲ. ಸಂಜೆ ಏಳರ ಬಸ್ಸಿಳಿದ ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ನಡೆಯುತ್ತಾರೆ. ಕಾಲೇಜಿಗೆಲ್ಲ ಗೊತ್ತು, ದೂರು ಕೊಟ್ಟವರು ಮಾತ್ರ ಯಾರೂ ಇಲ್ಲ. ‘ಸಮಾಜಕ್ಕೆ ಏನಾದರೂ ಮಾಡಬೇಕು ಸರ್’ ಎಂದು ಬರುವ ವಿದ್ಯಾರ್ಥಿಗಳಿಗೆ ನಾನು ತೋರಿಸುವುದು ಇಂಥ ಕೆಲಸವನ್ನೇ. ‘ಭ್ರಷ್ಟಾಚಾರ ತೊಲಗಲಿ’ ಎಂದು ಬ್ಯಾನರ್ ಬರೆಸಲು ಅರ್ಧ ದಿನ ಸಾಕು. ಮಾರನೇ ದಿನ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದು ಆ ಬ್ಯಾನರ್‌ನಲ್ಲಿ ಇರುವುದಿಲ್ಲ.

ಮೊದಲು ನೋಡಿ, ಬರೆದುಕೊಳ್ಳಿ

ನಾಲ್ಕೈದು ಜನ ಸಾಕು. ಮೂರು ರಾತ್ರಿ ಅದೇ ದಾರಿಯಲ್ಲಿ ನಡೆಯಿರಿ. ಯಾವ ಕಂಬದ ದೀಪ ಸತ್ತಿದೆ, ಯಾವುದು ಮಿಣುಕುತ್ತಿದೆ, ಯಾವುದು ಮರದ ಕೊಂಬೆಯೊಳಗೆ ಉರಿದು ಎಲೆಗಳಿಗಷ್ಟೇ ಬೆಳಕು ಕೊಡುತ್ತಿದೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿರಲಿ. ಕಂಬದ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದಿದ್ದರೆ ಅದನ್ನೂ ಗುರುತು ಹಾಕಿಕೊಂಡು, ಹಗಲಲ್ಲಿ ಒಂದು, ರಾತ್ರಿ ಒಂದು ಫೋಟೊ ತೆಗೆಯಿರಿ. ‘ನಮ್ಮ ರಸ್ತೆಯಲ್ಲಿ ದೀಪ ಇಲ್ಲ’ ಎಂಬ ದೂರಿಗೆ ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ಕಂಬದ ಸಂಖ್ಯೆ, ತಾರೀಖು ಇರುವ ದೂರನ್ನು ಹಾಗೆ ಸಾಗಹಾಕುವುದು ಕಷ್ಟ.

ಯಾರ ಕೆಲಸ?

ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ. ಪುರಸಭೆಗೆ ಹೋದರೆ ‘ಕಂಬ ಕೆಇಬಿಯವರದು’ ಎನ್ನುತ್ತಾರೆ. ಹೆಸರು ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಎಂದೆಲ್ಲ ಬದಲಾದರೂ ಊರಿನ ಬಾಯಲ್ಲಿ ಅದಿನ್ನೂ ಕೆಇಬಿ. ಅಲ್ಲಿಗೆ ಹೋದರೆ ‘ದೀಪ ಪುರಸಭೆಯದು’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಕಂಬ, ತಂತಿ, ಕರೆಂಟು ವಿದ್ಯುತ್ ಕಂಪನಿಯದು. ದೀಪ ಹಾಕಿಸಿ ಅದು ಉರಿಯುವಂತೆ ನೋಡಿಕೊಳ್ಳುವುದು ಪುರಸಭೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ಹೊಣೆ. ಬಲ್ಬು ಹೋಗಿದ್ದರೆ ಸ್ಥಳೀಯ ಸಂಸ್ಥೆಗೆ ಹೋಗಿ. ತಂತಿ ಜೋತುಬಿದ್ದಿದ್ದರೆ, ಕಂಬ ವಾಲಿದ್ದರೆ 1912ಕ್ಕೆ ಫೋನ್ ಮಾಡಿ. ಗುಂಡಿಬಿದ್ದ ರಸ್ತೆಯದೂ ಇದೇ ಕಥೆ: ಊರೊಳಗಿನ ಬೀದಿ ಪುರಸಭೆಯದು, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು.

ಕಚೇರಿ ಗೊತ್ತಾದ ಮೇಲೆ ದೂರು ಬರೆಯಿರಿ. ಒಂದೇ ಪುಟ, ಎರಡು ಪ್ರತಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಗುಮಾಸ್ತರು ‘ಇಟ್ಟು ಹೋಗಿ, ಸಾಹೇಬ್ರು ಬಂದ ಮೇಲೆ ನೋಡ್ತಾರೆ’ ಎಂದರೆ ನಕ್ಕು ಅಲ್ಲೇ ನಿಂತಿರಿ. ಜಗಳ ಬೇಡ, ಮೊಬೈಲ್ ತೆಗೆದು ಅವರ ಮುಖಕ್ಕೆ ಹಿಡಿಯುವುದಂತೂ ಬೇಡವೇ ಬೇಡ. ರೀಲ್ಸ್‌ಗೆ ಲೈಕ್ ಬರಬಹುದು, ಮೊಹರು ಬರುವುದಿಲ್ಲ.

ಹತ್ತು ರೂಪಾಯಿಯ ಅರ್ಜಿ

ಎರಡು ವಾರ ಕಾದರೂ ದೀಪ ಉರಿಯದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಬೇಕಿಲ್ಲ. ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲಿ ಕಳಿಸಬಹುದು, ರಾಜ್ಯದ ಆನ್‌ಲೈನ್ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಮಾಹಿತಿ ಏಕೆ ಬೇಕು ಎಂದು ಕೇಳುವ ಅಧಿಕಾರ ಕಚೇರಿಗಿಲ್ಲ. ಆದರೆ ಈ ಹಕ್ಕು ಇರುವುದು ನಾಗರಿಕರಿಗೆ. ಆದ್ದರಿಂದ ‘ವಿದ್ಯಾರ್ಥಿ ಸಂಘ’ದ ಹೆಸರಲ್ಲಿ ಹಾಕದೆ ಒಬ್ಬರ ಹೆಸರಲ್ಲಿ ಹಾಕಿ.

ಕರ್ನಾಟಕದ ನಿಯಮವೊಂದನ್ನು ತಿಳಿಯದೆ ನಾನೇ ಎಡವಿದ್ದೇನೆ. ಇಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನನ್ನ ಮೊದಲ ಅರ್ಜಿಯಲ್ಲಿ ಚರಂಡಿ, ಕಸ, ಕೆರೆ ಒತ್ತುವರಿ ಸೇರಿ ಹನ್ನೊಂದು ಪ್ರಶ್ನೆಗಳಿದ್ದವು, ಜೊತೆಗೆ ಅರ್ಧ ಪುಟ ಆಕ್ರೋಶ. ಒಂದು ಸಾಲಿನ ಹಿಂಬರಹದೊಂದಿಗೆ ವಾಪಸ್ ಬಂತು. ಹಿಂಬರಹ ಕೊಟ್ಟವರು ಮಾಡಿದ್ದು ಸರಿಯಾಗಿಯೇ ಇತ್ತು ಎಂಬುದು ಆಗ ಇನ್ನೂ ಉರಿಸಿತು.

ಇನ್ನೊಂದು ತಪ್ಪು ‘ಏಕೆ’ ಎಂದು ಕೇಳುವುದು. ‘ದೀಪ ಏಕೆ ದುರಸ್ತಿ ಮಾಡಿಲ್ಲ?’ ಎಂಬ ಪ್ರಶ್ನೆಗೆ ಉತ್ತರ ಹುಟ್ಟಿಸಿ ಕೊಡಬೇಕಾದ ಹೊಣೆ ಮಾಹಿತಿ ಅಧಿಕಾರಿಗಿಲ್ಲ. ಕಡತದಲ್ಲಿ ಇರುವುದನ್ನು ಕೊಟ್ಟರೆ ಸಾಕು. ಹಾಗಾಗಿ ಕಾಗದವನ್ನೇ ಕೇಳಿ: ಬೀದಿದೀಪ ನಿರ್ವಹಣೆಯ ಗುತ್ತಿಗೆ ಕರಾರಿನ ಪ್ರತಿ, ಕಳೆದ ಆರು ತಿಂಗಳಲ್ಲಿ ಗುತ್ತಿಗೆದಾರರಿಗೆ ಪಾವತಿಸಿದ ಬಿಲ್ಲುಗಳ ಪ್ರತಿ, ಇಂತಿಂಥ ಕಂಬಗಳ ಬಗ್ಗೆ ದೂರು ವಹಿಯಲ್ಲಿರುವ ನಮೂದುಗಳ ಪ್ರತಿ. ಆರಿದ ದೀಪದ ನಿರ್ವಹಣೆಗೂ ಬಿಲ್ ಪಾವತಿಯಾಗಿದೆಯೇ ಎಂಬುದು, ನಿಮ್ಮ ನೋಟ್‌ಬುಕ್ಕಿನ ತಾರೀಖುಗಳ ಪಕ್ಕದಲ್ಲಿ ಆ ಬಿಲ್ಲುಗಳನ್ನು ಇಟ್ಟಾಗ ತಾನಾಗಿಯೇ ಕಾಣುತ್ತದೆ.

ಸೆಮಿಸ್ಟರ್ ಲೆಕ್ಕ

ವಿದ್ಯಾರ್ಥಿಗಳ ವಿಷಯದಲ್ಲಿ ಕಚೇರಿಗಳಿಗೆ ಒಂದು ಧೈರ್ಯ ಇರುತ್ತದೆ: ಪರೀಕ್ಷೆ ಬಂದರೆ ಇವರು ಮಾಯವಾಗುತ್ತಾರೆ, ಮೂರು ವರ್ಷ ಕಳೆದರೆ ಊರಲ್ಲೇ ಇರುವುದಿಲ್ಲ. ಅದಕ್ಕೇ ಅರ್ಜಿಯನ್ನು ಸೆಮಿಸ್ಟರ್ ಶುರುವಾದ ವಾರವೇ ಹಾಕಿ. ಉತ್ತರಕ್ಕೆ 30 ದಿನ. ಬರದಿದ್ದರೆ, ಬಂದದ್ದು ಅರೆಬರೆಯಾಗಿದ್ದರೆ, ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅವರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ನೀವು ತಡಮಾಡದಿದ್ದರೆ ಹದಿನಾರು ವಾರದ ಸೆಮಿಸ್ಟರ್ ಒಳಗೇ ಇಷ್ಟೂ ಮುಗಿಯುತ್ತದೆ. ಅದಾದ ಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಲ್ಲಿ ಸರದಿ ಉದ್ದ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಕಾಲೇಜಿನಲ್ಲಿ ಎನ್‌ಎಸ್‌ಎಸ್ ಘಟಕ ಇದ್ದರೆ ಅದರ ಕಾರ್ಯಕ್ರಮಾಧಿಕಾರಿಯನ್ನು ಮೊದಲೇ ಕಂಡು ಮಾತಾಡಿ. 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು. ಅಂಗಳ ಗುಡಿಸುವುದರಲ್ಲೇ ಆ ಗಂಟೆಗಳು ಮುಗಿಯುವುದಕ್ಕಿಂತ ಬೀದಿದೀಪದ ಸಮೀಕ್ಷೆಗೂ ಒಂದಿಷ್ಟು ಸಿಗಲಿ.

ಪ್ರತಿಭಟನೆಯ ಮಾತು ಕೊನೆಗೆ. ಶಾಂತಿಯುತವಾಗಿ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ; ಆದರೂ ಠಾಣೆಗೆ ಮೊದಲೇ ಬರಹದಲ್ಲಿ ತಿಳಿಸಿ. ಬೆಂಗಳೂರಿನಲ್ಲಾದರೆ ಜಾಗ ಫ್ರೀಡಂ ಪಾರ್ಕ್, ಒಂದು ಕಾಲದ ಸೆಂಟ್ರಲ್ ಜೈಲು. ಕೈಯಲ್ಲಿ ಮೊಹರು ಬಿದ್ದ ದೂರು, ಬಿಲ್ಲಿನ ಪ್ರತಿ ಇದ್ದರೆ ಪತ್ರಕರ್ತರೂ ನಿಂತು ಕೇಳುತ್ತಾರೆ. ಗುಂಪು ಸೇರಿತೆಂದರೆ ಪಕ್ಷಗಳವರು ಶಾಲು ಹಿಡಿದು ಬರುತ್ತಾರೆ. ಅವರ ಬೆಂಬಲ ಪಡೆಯಿರಿ, ಶಾಲು ಬೇಡ ಎನ್ನಿ.

ದೀಪ ಉರಿದರೂ ಫೈಲು ಮುಚ್ಚಬೇಡಿ. ನೋಟ್‌ಬುಕ್, ಫೋಟೊ, ದೂರು, ಉತ್ತರ ಎಲ್ಲ ಒಂದೇ ಫೈಲಿಗೆ ಸೇರಿಸಿ, ಅಂತಿಮ ವರ್ಷದವರು ಬೀಳ್ಕೊಡುಗೆಗೆ ಮೊದಲೇ ಎರಡನೇ ವರ್ಷದ ಇಬ್ಬರಿಗೆ ಒಪ್ಪಿಸಲಿ. ಮೇಲ್ಮನವಿಗೆ ಉಳಿದಿರುವ ಕೊನೆಯ ದಿನಾಂಕ ಮೊದಲ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿರಲಿ. ಅದು ಎಷ್ಟೋ ಸಲ ಬೇಸಿಗೆ ರಜೆಯಲ್ಲೇ ಬೀಳುತ್ತದೆ.