ಮೂರು ಊರುಗಳ ಪಾಲುಪಟ್ಟಿ

ಪ್ರಶ್ನೆ: ದಕ್ಷಿಣ ಆಫ್ರಿಕಾಕ್ಕೆ ಮೂರು ರಾಜಧಾನಿಗಳಿವೆ ಎಂದು ಮಗಳ ರಸಪ್ರಶ್ನೆ ಪುಸ್ತಕದಲ್ಲಿ ಓದಿದೆ. ಒಂದು ದೇಶಕ್ಕೆ ಮೂರು ಯಾಕೆ? ಬೆಳಗಾವಿಯಲ್ಲಿ ಅಧಿವೇಶನ ನಡೆಸುವ ನಾವೂ ಅದೇ ದಾರಿಯಲ್ಲಿದ್ದೇವೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪುಸ್ತಕದಲ್ಲಿರುವುದು ಮುಕ್ಕಾಲು ಪಾಲು ಸರಿ. ಸರ್ಕಾರ ಇರುವುದು ಪ್ರಿಟೋರಿಯಾದಲ್ಲಿ. ಸಂಸತ್ತು ಅಲ್ಲಿಂದ ಸುಮಾರು 1,450 ಕಿಲೋಮೀಟರ್ ದೂರದ ಕೇಪ್‌ಟೌನ್‌ನಲ್ಲಿ. ಮೇಲ್ಮನವಿ ನ್ಯಾಯಾಲಯ ಇವೆರಡರ ನಡುವಿನ ಬ್ಲೂಮ್‌ಫಾಂಟೇನ್‌ನಲ್ಲಿ. ಕಾರ್ಯಾಂಗ, ಶಾಸಕಾಂಗ, ನ್ಯಾಯಾಂಗ ಒಂದರ ಹೆಗಲ ಮೇಲೊಂದು ಕೂರಬಾರದೆಂದು ಯಾರೋ ಆಲೋಚಿಸಿ ದೂರ ದೂರ ಇಟ್ಟಂತೆ ಕಾಣುತ್ತದೆ. ನಿಜವಾಗಿ ನಡೆದದ್ದು, ಜಗಳವಾಡಿ ಒಂದಾದ ಅಣ್ಣತಮ್ಮಂದಿರು ಬರೆದುಕೊಂಡ ಪಾಲುಪಟ್ಟಿ. ನೆಲ ಯಾರದ್ದಾಗಿತ್ತೋ ಅವರನ್ನು ಆ ಪಂಚಾಯಿತಿಗೆ ಕರೆಯಲೇ ಇಲ್ಲ.

1899ರಿಂದ 1902ರವರೆಗೆ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ಘೋರ ಯುದ್ಧ ನಡೆಯಿತು. ಬೋಯರರ ಎರಡು ಗಣರಾಜ್ಯಗಳು, ಅಂದರೆ ಟ್ರಾನ್ಸ್‌ವಾಲ್ ಮತ್ತು ಆರೆಂಜ್ ಫ್ರೀ ಸ್ಟೇಟ್, ಸೋತು ಬ್ರಿಟಿಷ್ ವಸಾಹತುಗಳಾದವು. ಕೇಪ್ ಮತ್ತು ನಟಾಲ್ ಯುದ್ಧಕ್ಕೆ ಮೊದಲೇ ಬ್ರಿಟಿಷರ ಕೈಯಲ್ಲಿದ್ದವು. ಈ ನಾಲ್ಕನ್ನೂ ಸೇರಿಸಿ ಒಂದು ದೇಶ ಮಾಡಲು 1908ರ ಅಕ್ಟೋಬರ್‌ನಲ್ಲಿ ಡರ್ಬನ್ನಿನಲ್ಲಿ ಸಮಾವೇಶ ಕೂಡಿತು. ಬಂದ ಪ್ರತಿನಿಧಿಗಳೆಲ್ಲ ಬಿಳಿಯರು. ರಾಜಧಾನಿ ಯಾವುದೆಂಬ ಮಾತು ಬಂದಾಗ ಯಾರೂ ಬಿಟ್ಟುಕೊಡಲಿಲ್ಲ. ಕೇಪ್‌ಟೌನ್‌ಗೆ ಅರ್ಧ ಶತಮಾನಕ್ಕೂ ಹಳೆಯ ಸಂಸತ್ತಿನ ಹಿರಿತನವಿತ್ತು. ಟ್ರಾನ್ಸ್‌ವಾಲ್ ಕೈಯಲ್ಲಿ ಚಿನ್ನದ ಗಣಿಗಳಿದ್ದವು. ಕೊನೆಗೆ ಸಂಸತ್ತು ಕೇಪ್‌ಟೌನ್‌ಗೆ, ಸರ್ಕಾರ ಪ್ರಿಟೋರಿಯಾಕ್ಕೆ, ಮೇಲ್ಮನವಿ ನ್ಯಾಯಾಲಯ ಬ್ಲೂಮ್‌ಫಾಂಟೇನ್‌ಗೆ ಎಂದು ಹಂಚಿದರು. ನಟಾಲ್‌ನ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಏನೂ ಉಳಿಯಲಿಲ್ಲ.

ನಾಲ್ಕು ವಸಾಹತುಗಳನ್ನು ಒಂದಾಗಿಸಿದ 1909ರ ಕಾಯ್ದೆಯಲ್ಲಿ ಇದಕ್ಕೊಂದು ಕಲಮೇ ಇದೆ. ರಾಜಧಾನಿಯ ಪಟ್ಟ ಕಳೆದುಕೊಂಡ ಪೀಟರ್‌ಮಾರಿಟ್ಸ್‌ಬರ್ಗ್ ಮತ್ತು ಬ್ಲೂಮ್‌ಫಾಂಟೇನ್ ಪುರಸಭೆಗಳಿಗೆ, ಅವುಗಳ ಸಾಲದ ಮೊತ್ತದ ಮೇಲೆ ವರ್ಷಕ್ಕೆ ನೂರಕ್ಕೆ 2ರಂತೆ, ಹೆಚ್ಚೆಂದರೆ 25 ವರ್ಷ ಪರಿಹಾರ ಕೊಡಬೇಕು ಎಂದು ಅದು ಹೇಳುತ್ತದೆ. ತತ್ತ್ವಕ್ಕಾಗಿ ಅಧಿಕಾರ ಹಂಚಿದವರು ಪರಿಹಾರದ ಲೆಕ್ಕ ಬರೆಯುವುದಿಲ್ಲ. ನನಗೆ ಈ ಒಂದು ಕಲಮೇ ಸಾಕ್ಷಿ.

ಈ ಕಾಯ್ದೆಯ ಕರಡಿನ ಪ್ರಕಾರ ಹೊಸ ಸಂಸತ್ತಿನಲ್ಲಿ ಐರೋಪ್ಯ ಮೂಲದವರು ಮಾತ್ರ ಕೂರಬಹುದಿತ್ತು. ಅದನ್ನು ತಡೆಯಲು 1909ರಲ್ಲಿ ಒಂದು ನಿಯೋಗ ಲಂಡನ್‌ಗೆ ಹೋಯಿತು. ಮುಂದಾಳು ಕೇಪ್‌ನ ಮಾಜಿ ಪ್ರಧಾನಿ ವಿಲಿಯಂ ಶ್ರೈನರ್. ಜೊತೆಯಲ್ಲಿ ವಾಲ್ಟರ್ ರುಬುಸಾನಾ, ಜಾನ್ ಟೆಂಗೊ ಜಬಾವು, ಅಬ್ದುಲ್ಲಾ ಅಬ್ದುರಹಮಾನ್. ಟ್ರಾನ್ಸ್‌ವಾಲ್‌ನ ಭಾರತೀಯರ ಪರವಾಗಿ ಗಾಂಧೀಜಿಯೂ ಆಗ ಲಂಡನ್ನಿನಲ್ಲೇ ಇದ್ದರು. ಯಾರ ಮಾತೂ ನಡೆಯಲಿಲ್ಲ. (ಗಾಂಧೀಜಿ ‘ಹಿಂದ್ ಸ್ವರಾಜ್’ ಬರೆದದ್ದು ಅಲ್ಲಿಂದ ಹಡಗಿನಲ್ಲಿ ಹಿಂತಿರುಗುವಾಗ.) 1910ರ ಮೇ 31ರಂದು, ಬೋಯರ್ ಯುದ್ಧ ಮುಗಿದ ಎಂಟನೇ ವರ್ಷದ ದಿನವೇ, ಹೊಸ ದೇಶ ಹುಟ್ಟಿತು. ಹೊರಗುಳಿದವರು 1912ರ ಜನವರಿಯಲ್ಲಿ ತಮ್ಮದೇ ಸಂಘಟನೆ ಕಟ್ಟಿದರು. ಅದೇ ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆಯಿತು. ಅವರು ಸಭೆ ಸೇರಿದ ಊರು ಬ್ಲೂಮ್‌ಫಾಂಟೇನ್.

ಪ್ರಿಟೋರಿಯಾದ ಗುಡ್ಡದ ಮೇಲೆ 1913ರಲ್ಲಿ ಸರ್ಕಾರದ ಕಚೇರಿಯಾದ ಯೂನಿಯನ್ ಬಿಲ್ಡಿಂಗ್ಸ್ ಎದ್ದು ನಿಂತಿತು. ಎರಡು ಗೋಪುರಗಳು, ಒಂದರಂತೆಯೇ ಇನ್ನೊಂದು ರೆಕ್ಕೆ, ನಡುವೆ ಅರ್ಧಚಂದ್ರಾಕಾರದ ಕಂಬಸಾಲು. ಆ ಎರಡು ರೆಕ್ಕೆಗಳು ಇಂಗ್ಲಿಷರು ಮತ್ತು ಬೋಯರರು. ಕರಿಯರಿಗೆ ಅಲ್ಲಿ ಒಂದು ಕಂಬದಷ್ಟೂ ಜಾಗವಿರಲಿಲ್ಲ. ಅದನ್ನು ಕಟ್ಟಿದ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ಆಮೇಲೆ ದೆಹಲಿಗೆ ಬಂದರು. ನಮ್ಮ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಅವರದೇ ಕೈಕೆಲಸ. 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಕರಿಯರು ಓಡಾಡಲು ಪಾಸ್ ಹೊತ್ತಿರಬೇಕೆಂಬ ವರ್ಣಭೇದದ ಕಾನೂನಿನ ವಿರುದ್ಧ ಪ್ರಿಟೋರಿಯಾದ ಆ ಕಟ್ಟಡದ ಮೆಟ್ಟಿಲುಗಳ ಮುಂದೆ ಬಂದು ನಿಂತರು. 1994ರ ಮೇ 9ರಂದು ಮಂಡೇಲಾ ಅವರನ್ನು ಸಂಸತ್ತು ಅಧ್ಯಕ್ಷರಾಗಿ ಆರಿಸಿದ್ದು ಕೇಪ್‌ಟೌನ್‌ನಲ್ಲಿ; ಮರುದಿನ ಅವರು ಪ್ರಮಾಣವಚನ ಸ್ವೀಕರಿಸಿದ್ದು ಈ ಕಟ್ಟಡದಲ್ಲಿ.

ಪುಸ್ತಕ ಮುಕ್ಕಾಲು ಪಾಲು ಸರಿ ಎಂದೆನಲ್ಲ, ಉಳಿದ ಕಾಲು ಪಾಲು ಇದು. ಬ್ಲೂಮ್‌ಫಾಂಟೇನ್ ಈಗ ನ್ಯಾಯದ ಕೊನೆಯ ಮೆಟ್ಟಿಲಲ್ಲ. ಎಲ್ಲಕ್ಕಿಂತ ಮೇಲಿನದು ಜೋಹಾನ್ಸ್‌ಬರ್ಗ್‌ನ ಸಂವಿಧಾನ ನ್ಯಾಯಾಲಯ. 2004ರಲ್ಲಿ ತೆರೆದ ಅದರ ಕಟ್ಟಡ ನಿಂತಿರುವುದು ಹಳೆಯ ಕೋಟೆ ಜೈಲಿನ ಆವರಣದಲ್ಲಿ. ಗಾಂಧಿ, ಮಂಡೇಲಾ ಇಬ್ಬರನ್ನೂ ಕೂಡಿಹಾಕಿದ್ದ ಜೈಲು ಅದು. ವಿಚಾರಣಾಧೀನ ಕೈದಿಗಳ ಕಟ್ಟಡ ಕೆಡವಿದಾಗ ಸಿಕ್ಕ ಇಟ್ಟಿಗೆಗಳನ್ನೇ ನ್ಯಾಯಾಲಯದ ಗೋಡೆಗೆ ಬಳಸಿದ್ದಾರೆ. ಮಗಳಿಗೆ ಇದನ್ನು ತಪ್ಪದೆ ಹೇಳಿ.

ಬೇರೆ ದೇಶಗಳಲ್ಲೂ ಹೀಗುಂಟು. ನೆದರ್ಲೆಂಡ್ಸ್‌ನ ರಾಜಧಾನಿ ಆಮ್‌ಸ್ಟರ್‌ಡ್ಯಾಂ, ಸರ್ಕಾರ ಇರುವುದು ಹೇಗ್‌ನಲ್ಲಿ. ಬೊಲಿವಿಯಾದಲ್ಲಿ 1899ರ ಅಂತರ್ಯುದ್ಧದ ನಂತರ ಸರ್ಕಾರ, ಸಂಸತ್ತು ಲಾಪಾಸ್ ಪಾಲಾದವು. ಸುಕ್ರೆಗೆ ಉಳಿದದ್ದು ನ್ಯಾಯಾಲಯ ಮತ್ತು ರಾಜಧಾನಿ ಎಂಬ ಹೆಸರು. ಆ ಗಾಯ ಇನ್ನೂ ಮಾಗಿಲ್ಲ: 2007ರಲ್ಲಿ ಸುಕ್ರೆಯ ಗಲಭೆಯಲ್ಲಿ ಜನ ಸತ್ತರು.

ಇನ್ನು ಬೆಳಗಾವಿ. ಅದು ಬೇರೆ ಮಾತು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು, ಅಲ್ಲಿ ಅಧಿವೇಶನ ನಡೆಯುತ್ತದೆ. ಆದರೆ ಸಚಿವಾಲಯ ಬೆಂಗಳೂರು ಬಿಟ್ಟಿಲ್ಲ. ನಿಮ್ಮ ಧಾರವಾಡದ ಪೀಠವೂ ಬೆಂಗಳೂರಿನಲ್ಲಿ ಪ್ರಧಾನ ಪೀಠವಿರುವ ಹೈಕೋರ್ಟಿನದ್ದೇ ಭಾಗ. ದಕ್ಷಿಣ ಆಫ್ರಿಕಾದ ಹೆಸರು ಹೇಳಿಯೇ ಮೂರು ರಾಜಧಾನಿ ಮಾಡಹೊರಟದ್ದು ಪಕ್ಕದ ಆಂಧ್ರ. 2020ರಲ್ಲಿ ವಿಶಾಖಪಟ್ಟಣ, ಅಮರಾವತಿ, ಕರ್ನೂಲು ಎಂದು ಕಾಯ್ದೆ ಮಾಡಿ, 2021ರಲ್ಲಿ ಅದನ್ನು ಹಿಂತೆಗೆದುಕೊಂಡರು. ರಾಜಧಾನಿಗೆಂದು ಅಮರಾವತಿಯಲ್ಲಿ ಜಮೀನು ಕೊಟ್ಟಿದ್ದ ರೈತರ ಗತಿ ಏನೆಂಬುದಕ್ಕೆ ಆ ಹೋಲಿಕೆಯಲ್ಲಿ ಉತ್ತರವಿರಲಿಲ್ಲ.

ಸರ್ಕಾರಕ್ಕೊಂದು, ಸಂಸತ್ತಿಗೊಂದು ಎಂದು ಎರಡು ಊರಿನ ಖರ್ಚು ಹೊರಲಾಗದೆಂದು ದಕ್ಷಿಣ ಆಫ್ರಿಕಾದಲ್ಲೂ ಕೂಗಿದೆ. 2016ರಲ್ಲಿ ಅಂದಿನ ಅಧ್ಯಕ್ಷ ಜೇಕಬ್ ಜುಮಾ ಈ ಬಗ್ಗೆ ಯೋಚಿಸುವಂತೆ ಸಂಸತ್ತನ್ನೇ ಕೇಳಿದರು. ಕಾನೂನು ಮಾಡಿ ಸಂಸತ್ತಿನ ಜಾಗ ಬದಲಿಸಲು ಸಂವಿಧಾನದಲ್ಲಿ ಅವಕಾಶವೂ ಇದೆ. 2022ರ ಜನವರಿಯಲ್ಲಿ ಕೇಪ್‌ಟೌನ್‌ನ ಸಂಸತ್ ಭವನಕ್ಕೆ ಬೆಂಕಿ ಬಿದ್ದು ಕೆಳಮನೆ ಸುಟ್ಟುಹೋದಾಗ, ಇದೇ ನೆಪದಲ್ಲಿ ಪ್ರಿಟೋರಿಯಾಕ್ಕೆ ಹೋಗೋಣ ಎಂದವರಿದ್ದರು. ಸಂಸತ್ತು ಹೋಗಲಿಲ್ಲ. ಮುಂದಿನ ತಿಂಗಳು ಅಧ್ಯಕ್ಷರ ವಾರ್ಷಿಕ ಭಾಷಣ ನಡೆದದ್ದು ಹತ್ತಿರದ ಪುರಭವನದಲ್ಲಿ. 27 ವರ್ಷಗಳ ಸೆರೆಯಿಂದ ಹೊರಬಂದ ದಿನ ಸಂಜೆ ಮಂಡೇಲಾ ಜನರೊಡನೆ ಮಾತಾಡಿದ್ದು ಅದೇ ಪುರಭವನದ ಬಾಲ್ಕನಿಯಲ್ಲಿ ನಿಂತು.